ಆಸ್ಕೋವಿನ ಗಾಳಿದೀಪ

ಗದಗಿನಿಂದ ಮುಂಡರಗಿಯ ಕಡೆಗೆ ಹೊರಟವರಿಗೆ ಕಪ್ಪತಗುಡ್ಡದ ಸಾಲು ಕಾಣತೊಡಗುವ ಹೊತ್ತಿಗೇ ಅದರ ನೆತ್ತಿಯ ಮೇಲೆ ನಿಂತ ಬಿಳಿಯ ಕಂಬಗಳೂ ಕಣ್ಣಿಗೆ ಬೀಳುತ್ತವೆ. ಒಂದೊಂದಕ್ಕೂ ಮೂರು ಮೂರು ರೆಕ್ಕೆ; ಅವಸರವೆಂಬುದನ್ನೇ ಅರಿಯದ ತಿರುಗಾಟ. ನೋಡುವುದಕ್ಕೆ ಚೆಲುವಾದ ದೃಶ್ಯವೇ ಹೌದು. ಆದರೆ ಅವುಗಳನ್ನು ಕಂಡಾಗಲೆಲ್ಲ ನನ್ನ ಮನಸ್ಸು ಅಲ್ಲಿ ನಿಲ್ಲುವುದಿಲ್ಲ. ಅದೇ ಸೀಮೆಯ ಹಳ್ಳಿಯೊಂದರಲ್ಲಿ, ಹೊಲದ ಬಾವಿಯ ಮಗ್ಗುಲಿಗೆ, ನನ್ನ ಬಾಲ್ಯದಲ್ಲಿ ನಿಂತಿದ್ದ ಬೇರೊಂದು ಗಾಳಿಯಂತ್ರದ ಬಳಿಗೆ ಅದು ಹೋಗಿಬಿಡುತ್ತದೆ.

ಐದು ದಶಕಗಳಿಗೂ ಹಿಂದಿನ ಮಾತು. ನಮ್ಮ ತಂದೆಯವರು ಆ ಊರಿನ ಕನ್ನಡ ಶಾಲೆಯಲ್ಲಿ ಮಾಸ್ತರರಾಗಿದ್ದರು. ಊರಿನ ಅನುಕೂಲಸ್ಥ ರೈತರೊಬ್ಬರು ಎಲ್ಲಿಂದಲೋ ತರಿಸಿ ನಿಲ್ಲಿಸಿದ ಯಂತ್ರವದು: ನಾಲ್ಕು ಕಾಲಿನ ಕಬ್ಬಿಣದ ಗೋಪುರ, ಅದರ ತಲೆಯ ಮೇಲೆ ಹೂವಿನ ದಳಗಳಂತೆ ಒತ್ತೊತ್ತಾಗಿ ಜೋಡಿಸಿದ ತಗಡಿನ ರೆಕ್ಕೆಗಳು, ಹಿಂಬದಿಗೆ ಮೀನಿನ ಬಾಲವನ್ನು ಹೋಲುವ ಒಂದು ಹಲಗೆ. ಆಷಾಢದ ಗಾಳಿಗೆ ಅದು ಕಿರುಗುಟ್ಟುತ್ತ ತಿರುಗಿ ಬಾವಿಯ ನೀರನ್ನು ತೊಟ್ಟಿಗೆ ಸುರಿಯುತ್ತಿದ್ದರೆ, ಶಾಲೆ ಬಿಟ್ಟ ಹುಡುಗರೆಲ್ಲ ಮನೆಯ ದಾರಿ ಮರೆತು ಅಲ್ಲಿ ಸೇರುತ್ತಿದ್ದೆವು. ಎತ್ತುಗಳಿಲ್ಲದೆ, ಎಣ್ಣೆಯಿಲ್ಲದೆ ನೀರು ಮೇಲಕ್ಕೆ ಬರುವುದೆಂದರೆ ನಮಗೆ ಅದು ಇಂದ್ರಜಾಲಕ್ಕೆ ಕಡಮೆಯದಾಗಿರಲಿಲ್ಲ. ಎರಡು ವರ್ಷ ಎಲ್ಲವೂ ಸರಿಯಾಗಿಯೇ ನಡೆಯಿತು. ಮೂರನೆಯ ವರ್ಷ ಒಂದು ದಿನ ಯಂತ್ರ ನಿಂತಿತು. ನಿಂತದ್ದು ಮತ್ತೆ ತಿರುಗಲಿಲ್ಲ. ಕೆಲವು ಕಾಲದಲ್ಲಿಯೇ ಅದರ ತಲೆಯ ಮೇಲೆ ಕಾಗೆಗಳು ಗೂಡು ಕಟ್ಟಿದವು.

ಒಂದು ಸಂಜೆ ತಂದೆಯವರು ಆ ರೈತರನ್ನು, "ಏನು ಗೌಡ್ರ, ಗಾಳಿ ಪಂಪು ಯಾಕ ನಿಂತೈತಿ?" ಎಂದು ಕೇಳಿದರು. ಅವರು ತೊಟ್ಟಿಯ ಕಟ್ಟೆಯ ಮೇಲೆ ಕುಳಿತಿದ್ದವರು ಮೇಲಕ್ಕೊಮ್ಮೆ ನೋಡಿ ಹೇಳಿದರು: "ಗಾಳೀದು ಏನೂ ತಪ್ಪಿಲ್ರಿ ಮಾಸ್ತರ, ಗಾಳಿ ಹಂಗ ಬೀಸಾಕತ್ತೈತಿ. ಕೆಟ್ಟಿದ್ದು ಕಬ್ಬಿಣ. ಅದನ್ನ ಬಿಚ್ಚಿ ನೋಡಾವ್ರು ನಮ್ಮೂರಾಗ ಯಾರದಾರ್ರಿ?"

ತಂದೆಯವರು ಈ ಮಾತನ್ನು ಮುಂದೆ ಎಷ್ಟೋ ಸಲ ನೆನೆದು ನಗುತ್ತಿದ್ದರು. ನನಗೆ ಈಗ ಅದರಲ್ಲಿ ನಗುವಿಗಿಂತ ಹೆಚ್ಚಿನದೇನೋ ಇದ್ದಂತೆ ತೋರುತ್ತದೆ. ದೂರದ ಹಳ್ಳಿಗೆ ಗಾಳಿಯಿಂದ ಶಕ್ತಿಯನ್ನು ಒದಗಿಸುವ ಪ್ರಯತ್ನಗಳ ಚರಿತ್ರೆಯನ್ನು ಓದಿದಷ್ಟೂ, ಅದರ ಬಹುಭಾಗ ಗೌಡರ ಆ ಒಂದು ಪ್ರಶ್ನೆಯ ಸುತ್ತಲೇ ಸುತ್ತುತ್ತಿರುವುದನ್ನು ಕಂಡಿದ್ದೇನೆ. ಆ ಪ್ರಶ್ನೆಗೆ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಸಮರ್ಪಕವಾಗಿ ಉತ್ತರ ಕೊಟ್ಟವರು ಎಂಜಿನಿಯರರಲ್ಲ, ವ್ಯಾಪಾರಿಗಳೂ ಅಲ್ಲ. ಡೆನ್ಮಾರ್ಕ್ ದೇಶದ ಆಸ್ಕೋವ್ ಎಂಬ ಹಳ್ಳಿಯಲ್ಲಿ ಪಾಠ ಹೇಳುತ್ತಿದ್ದ ಒಬ್ಬ ಉಪಾಧ್ಯಾಯರು. ಅವರ ಹೆಸರು ಪೌಲ್ ಲಾ ಕೂರ್. ಆದರೆ ಅವರ ಕಥೆಗೆ ಹೋಗುವ ಮುಂಚೆ ಗಾಳಿಯ ಸ್ವಭಾವವನ್ನು ಕುರಿತು ನಾಲ್ಕು ಮಾತು ಹೇಳುವುದು ಅವಶ್ಯ.

ಗಾಳಿಯಿಂದ ಕಾಳು ಬೀಸುವ ಗಿರಣಿಗಳು ಯೂರೋಪಿನಲ್ಲಿ ಹನ್ನೆರಡನೆಯ ಶತಮಾನದಿಂದಲೂ ಇವೆ. ಗಾಳಿ ಬಂದಾಗ ಗಿರಣಿಯವನು ಎದ್ದು ಕೆಲಸ ಮಾಡುವನು. ಗಾಳಿ ಬಿದ್ದಾಗ ಮಲಗುವನು. ಹಿಟ್ಟಿಗೆ ಅದರಿಂದ ಬಾಧೆಯಿಲ್ಲ, ಅದು ಚೀಲದಲ್ಲಿ ಕಾದಿರಬಲ್ಲದು. ನೀರಿಗೂ ತೊಟ್ಟಿಯುಂಟು. ದೀಪದ ಸಂಗತಿ ಹಾಗಲ್ಲ. ದೀಪ ಬೇಕಾಗುವುದು ಕತ್ತಲಾದಾಗ. ಗಾಳಿಗೂ ಕತ್ತಲಿಗೂ ಯಾವ ಒಪ್ಪಂದವೂ ಇಲ್ಲ. ಅಷ್ಟು ಮಾತ್ರವೇ ಅಲ್ಲ, ಬೀಸುವ ಗಾಳಿಯೂ ಒಂದೇ ಸಮನಾಗಿ ಬೀಸುವುದಿಲ್ಲ. ಗಾಳಿಯ ವೇಗ ಇಮ್ಮಡಿಯಾದರೆ ಅದರಲ್ಲಿರುವ ಶಕ್ತಿ ಎರಡರಷ್ಟಾಗುವುದಿಲ್ಲ, ಎಂಟರಷ್ಟಾಗುತ್ತದೆ. ಅರ್ಧಕ್ಕಿಳಿದರೆ ಎಂಟನೆಯ ಒಂದು ಪಾಲಿಗೆ ಕುಸಿಯುತ್ತದೆ. ಸೆಕೆಂಡಿಗೆ ೬ ಮೀಟರು ವೇಗದ ಗಾಳಿಯಲ್ಲಿ ಹಲವು ದೀಪಗಳನ್ನು ಬೆಳಗಿಸುವ ಯಂತ್ರ ೩ ಮೀಟರಿನ ಗಾಳಿಯಲ್ಲಿ ಒಂದನ್ನು ಬೆಳಗಿಸಲು ತಿಣುಕುತ್ತದೆ. ಬಿರುಗಾಳಿಯಲ್ಲಿ ಅದೇ ಯಂತ್ರ ತನ್ನನ್ನು ತಾನೇ ಮುರಿದುಕೊಳ್ಳಬಹುದು. ಇಂತಹ ಚಂಚಲ ದೊರೆಯಿಂದ ದಿನವೂ ತಪ್ಪದೆ ಸಂಬಳ ಪಡೆಯುವುದು ಹೇಗೆಂಬುದೇ ಸಮಸ್ಯೆ.

ಸಮಸ್ಯೆ ಕೇವಲ ಯಂತ್ರದ್ದೂ ಅಲ್ಲವೆಂಬುದಕ್ಕೆ ಸ್ಕಾಟ್ಲೆಂಡಿನ ಮೇರಿಕರ್ಕ್ ಎಂಬ ಹಳ್ಳಿಯ ಪ್ರಸಂಗವೇ ಸಾಕ್ಷಿ. ಗ್ಲ್ಯಾಸ್ಗೋ ನಗರದಲ್ಲಿ ಪ್ರಾಧ್ಯಾಪಕರಾಗಿದ್ದ ಜೇಮ್ಸ್ ಬ್ಲೈತ್ ಎಂಬುವರು ೧೮೮೭ರ ಜುಲೈ ತಿಂಗಳಲ್ಲಿ, ತಮ್ಮ ಹುಟ್ಟೂರಾದ ಆ ಹಳ್ಳಿಯ ಬೇಸಗೆಮನೆಯ ಕೈತೋಟದಲ್ಲಿ ಬಟ್ಟೆಯ ಹಾಯಿಗಳ ಒಂದು ಗಾಳಿಯಂತ್ರವನ್ನು ನಿಲ್ಲಿಸಿದರು. ಅದರಿಂದ ಹುಟ್ಟಿದ ವಿದ್ಯುತ್ತು ಬ್ಯಾಟರಿಗಳಲ್ಲಿ ಸಂಗ್ರಹವಾಗಿ ಅವರ ಮನೆಯ ದೀಪಗಳನ್ನು ಬೆಳಗಿಸಿತು. ಗಾಳಿಯಿಂದ ದೀಪ ಬೆಳಗಿದ ಮೊದಲ ಮನೆ ಅದೆಂದು ಹೇಳುತ್ತಾರೆ. ತಮ್ಮ ಖರ್ಚಿಗೆ ಮಿಕ್ಕಿ ವಿದ್ಯುತ್ತು ಉಳಿದದ್ದನ್ನು ಕಂಡ ಬ್ಲೈತ್ ಮಹಾಶಯರು, ಊರಿನ ಮುಖ್ಯ ಬೀದಿಗೆ ದೀಪ ಹಾಕಿಸಿಕೊಡುವೆನೆಂದು ಊರವರಿಗೆ ಹೇಳಿದರು. ಊರವರು ಬೇಡವೆಂದರು. ಅದು ಸೈತಾನನ ಬೆಳಕೆಂದು ಅವರ ನಂಬಿಕೆ. ಮುಂದೆ ಬ್ಲೈತರ ಸುಧಾರಿಸಿದ ಯಂತ್ರವೊಂದು ಸಮೀಪದ ಮಾಂಟ್ರೋಸ್ ಪಟ್ಟಣದ ಹುಚ್ಚಾಸ್ಪತ್ರೆಯಲ್ಲಿ ಕೆಲಸ ಮಾಡಿತು. ಮೇರಿಕರ್ಕಿನ ಬೀದಿ ಮಾತ್ರ ಕತ್ತಲಲ್ಲಿಯೇ ಉಳಿಯಿತು.

ಇದನ್ನು ಓದಿ ಆ ಊರವರನ್ನು ಮೂಢರೆಂದು ಹಳಿಯುವುದು ಸುಲಭ. ನಾನು ಹಳಿಯಲಾರೆ. ಬೇಸಗೆಗೆ ಬಂದು ಹೋಗುವ ಪ್ರಾಧ್ಯಾಪಕರ ತೋಟದಲ್ಲಿ, ತಮ್ಮಲ್ಲಿ ಯಾರಿಗೂ ತಿಳಿಯದ ವಿದ್ಯೆಯಿಂದ ಹುಟ್ಟಿ, ತಂತಿಯೊಂದರ ತುದಿಯಲ್ಲಿ ದಾನವಾಗಿ ಬಂದ ಬೆಳಕು ಅದು. ನಾಳೆ ಅದು ಆರಿಹೋದರೆ ಹೊತ್ತಿಸುವವರು ಯಾರು, ಸಿಡಿದರೆ ಹೊಣೆ ಯಾರು? ಸೈತಾನನ ಮಾತು ಬಾಯಿಗೆ ಬಂದಿತು, ಅಷ್ಟೆ.

ಅದಾದ ನಾಲ್ಕು ವರ್ಷಕ್ಕೆ, ೧೮೯೧ರಲ್ಲಿ, ಆಸ್ಕೋವಿನಲ್ಲಿ ಲಾ ಕೂರರ ಗಾಳಿಗಿರಣಿ ಎದ್ದಿತು. ಅಲ್ಲಿನ ಸಂಗತಿಯೇ ಬೇರೆಯಾಗಿತ್ತು, ಏಕೆಂದರೆ ಗಿರಣಿಗಿಂತ ಮುಂಚೆ ಅಲ್ಲಿ ಒಂದು ಶಾಲೆಯಿದ್ದಿತು.

ಆ ಶಾಲೆಯ ಹಿನ್ನೆಲೆ ತಿಳಿಯಬೇಕು. ಗ್ರುಂಟ್ವಿಗ್ ಎಂಬ ಪಾದ್ರಿ-ಕವಿಯ ವಿಚಾರಗಳಿಂದ ಪ್ರೇರಣೆ ಪಡೆದು ಡೆನ್ಮಾರ್ಕಿನ ಹಳ್ಳಿಗಾಡಿನಲ್ಲಿ ಜನತಾ ವಿದ್ಯಾಲಯಗಳು ಹುಟ್ಟಿಕೊಂಡಿದ್ದವು. ರೈತರ ವಯಸ್ಸಿಗೆ ಬಂದ ಮಕ್ಕಳು ಹೊಲದ ಕೆಲಸವಿಲ್ಲದ ತಿಂಗಳುಗಳಲ್ಲಿ ಬಂದು ತಂಗಿ, ಚರಿತ್ರೆ, ಸಾಹಿತ್ಯ, ವಿಜ್ಞಾನಗಳನ್ನು ಕೇಳಿ ಹೋಗುತ್ತಿದ್ದರು. ಪರೀಕ್ಷೆಯಿಲ್ಲ, ಪದವಿಯಿಲ್ಲ. ಇವುಗಳಲ್ಲಿ ಮೊದಲನೆಯದು ೧೮೪೪ರಲ್ಲಿ ರೋದಿಂಗ್ ಎಂಬಲ್ಲಿ ಆರಂಭವಾದದ್ದು. ೧೮೬೪ರ ಯುದ್ಧದಲ್ಲಿ ಡೆನ್ಮಾರ್ಕ್ ಸೋತು ಆ ಸೀಮೆಯೇ ಪರರ ವಶವಾದಾಗ, ಅಲ್ಲಿಯ ಉಪಾಧ್ಯಾಯರು ಗಡಿಯಿಂದ ಈಚೆಗೆ ಬಂದು ಮರುವರ್ಷ ಆಸ್ಕೋವಿನಲ್ಲಿ ಹೊಸ ವಿದ್ಯಾಲಯ ತೆರೆದರು. ನೆಲ ಕಳೆದುಕೊಂಡ ಚಿಕ್ಕ ದೇಶವೊಂದು ಇರುವ ನೆಲದಲ್ಲಿಯೇ ಬಾಳನ್ನು ಮತ್ತೆ ಕಟ್ಟಿಕೊಳ್ಳುತ್ತಿದ್ದ ಕಾಲವದು. ನಮ್ಮ ಮೈಸೂರು ಸೀಮೆಯಲ್ಲಿ ವಯಸ್ಕರ ಶಿಕ್ಷಣಕ್ಕಾಗಿ ದುಡಿದ ಹಿರಿಯರು ನಂಜನಗೂಡು ಮೊದಲಾದೆಡೆಗಳಲ್ಲಿ ವಿದ್ಯಾಪೀಠಗಳನ್ನು ತೆರೆದಾಗ ಅವರ ಕಣ್ಣೆದುರಿಗಿದ್ದದ್ದು ಇದೇ ಡೇನಿಷ್ ಮಾದರಿ ಎಂಬುದನ್ನು ಇಲ್ಲಿ ನೆನೆಯಬಹುದು.

ಲಾ ಕೂರ್ ಹುಟ್ಟಿದ್ದು ೧೮೪೬ರಲ್ಲಿ, ಒಕ್ಕಲುತನದ ಮನೆಯಲ್ಲಿ. ಓದಿದ್ದು ಹವಾಮಾನಶಾಸ್ತ್ರ. ಕೋಪನ್‌ಹೇಗನ್ನಿನ ಹವಾಮಾನ ಸಂಸ್ಥೆಯಲ್ಲಿ ಹಿರಿಯ ಹುದ್ದೆ ದೊರೆತಿತ್ತು. ಒಂದೇ ತಂತಿಯಲ್ಲಿ ಏಕಕಾಲಕ್ಕೆ ಹಲವು ಸಂದೇಶಗಳನ್ನು ಕಳುಹಿಸುವ ಟೆಲಿಗ್ರಾಫ್ ವಿಧಾನವನ್ನು ಕಂಡುಹಿಡಿಯುವವರ ಸಾಲಿನಲ್ಲಿ ಅವರ ಹೆಸರೂ ಕೇಳಿಬಂದಿತ್ತು. ಶ್ರುತಿಕವೆಯ ಕಂಪನದಿಂದ ಸಮವೇಗದಲ್ಲಿ ತಿರುಗುವ ಚಕ್ರವೊಂದು ಅವರ ಸೃಷ್ಟಿ. ಹೆಸರು, ಹಣ ಎರಡೂ ಬರಬಹುದಾಗಿದ್ದ ದಾರಿಯನ್ನು ಬಿಟ್ಟು ೧೮೭೮ರಲ್ಲಿ ಅವರು ಆಸ್ಕೋವಿಗೆ ಬಂದರು. ರೈತರ ಮಕ್ಕಳಿಗೆ ಗಣಿತ, ಭೌತವಿಜ್ಞಾನ ಹೇಳುವ ಕೆಲಸ. ಅವರು ಹೇಳುತ್ತಿದ್ದ ಕ್ರಮವೂ ವಿಶಿಷ್ಟವೇ: ಸೂತ್ರದಿಂದ ತೊಡಗದೆ, ಆ ಸೂತ್ರ ಯಾರಿಗೆ, ಯಾವ ಕಷ್ಟದ ನಡುವೆ ಹೊಳೆಯಿತೆಂಬ ಕಥೆಯಿಂದ ಪಾಠ ತೊಡಗುತ್ತಿದ್ದರು. ಚರಿತ್ರೆಯ ಮೂಲಕ ಗಣಿತವನ್ನೂ ಭೌತವಿಜ್ಞಾನವನ್ನೂ ಕಲಿಸುವ ಪುಸ್ತಕಗಳನ್ನೂ ಬರೆದರು.

ಅವರಿಗಿದ್ದ ಚಿಂತೆ ಒಂದೇ. ವಿದ್ಯುತ್ತು ನಗರಗಳಿಗೆ ಬರತೊಡಗಿದೆ, ಹಳ್ಳಿಗೆ ಬರುವ ಲಕ್ಷಣವಿಲ್ಲ. ನಗರದ ಕುಶಲಕರ್ಮಿಗೆ ಯಂತ್ರದ ಬಲ ದೊರೆತು ಹಳ್ಳಿಯವನಿಗೆ ದೊರೆಯದೆ ಹೋದರೆ, ಹಳ್ಳಿಯ ಯುವಕ ಗಂಟುಮೂಟೆ ಕಟ್ಟುವುದು ಖಂಡಿತ. ಡೆನ್ಮಾರ್ಕಿನಲ್ಲಿ ಕಲ್ಲಿದ್ದಲ ಗಣಿಗಳಿಲ್ಲ, ಧುಮುಕುವ ಹೊಳೆಗಳಿಲ್ಲ. ಇರುವುದು ಗಾಳಿ. ಅದೂ ಎಲ್ಲರ ಹೊಲದ ಮೇಲೂ ಸಮನಾಗಿ ಬೀಸುವ ಗಾಳಿ. ಸರ್ಕಾರದಿಂದ ಧನಸಹಾಯ ಬೇಡಿ ಪಡೆದು ಅವರು ನಾಲ್ಕು ರೆಕ್ಕೆಯ ಗಿರಣಿಯೊಂದನ್ನು ಕಟ್ಟಿಸಿ ಅದಕ್ಕೆ ಡೈನಮೋ ಜೋಡಿಸಿದರು.

ಮೊದಲು ಎದುರಾದದ್ದು ಗಾಳಿಯ ಏರಿಳಿತ. ಅದಕ್ಕೆ ಅವರು ತೂಕ, ಗಾಲಿ, ಪಟ್ಟಿಗಳ ಒಂದು ಜೋಡಣೆಯನ್ನು ಯೋಚಿಸಿದರು. ಗಾಳಿ ಎಷ್ಟೇ ರಭಸದಿಂದ ಬೀಸಿದರೂ ಡೈನಮೋ ಒಂದೇ ಹದದಲ್ಲಿ ತಿರುಗುವಂತೆ ಅದು ನೋಡಿಕೊಳ್ಳುತ್ತಿತ್ತು. ಹಳ್ಳಿಯ ಕಮ್ಮಾರನೂ ಮಾಡಿಕೊಡಬಲ್ಲಷ್ಟು ಸರಳವಾದ ಉಪಾಯ. ಎರಡನೆಯದು ಸಂಗ್ರಹದ ಪ್ರಶ್ನೆ. ಆ ಕಾಲದ ಬ್ಯಾಟರಿಗಳು ದುಬಾರಿ. ಲಾ ಕೂರ್ ಬೇರೆ ದಾರಿ ಹಿಡಿದರು. ವಿದ್ಯುತ್ತನ್ನು ನೀರಿನಲ್ಲಿ ಹಾಯಿಸಿ ಅದನ್ನು ಜಲಜನಕ, ಆಮ್ಲಜನಕಗಳಾಗಿ ಒಡೆದು, ಜಲಜನಕವನ್ನು ತೊಟ್ಟಿಯಲ್ಲಿ ತುಂಬಿಟ್ಟುಕೊಂಡರು. ಗಾಳಿಯನ್ನು ಹಿಡಿದು ತೊಟ್ಟಿಯಲ್ಲಿಟ್ಟಂತೆಯೇ ಸರಿ! ೧೮೯೫ರಿಂದ ೧೯೦೨ರವರೆಗೆ ಏಳು ವರ್ಷ ಆಸ್ಕೋವ್ ವಿದ್ಯಾಲಯದ ದೀಪಗಳು ಈ ಅನಿಲದಿಂದ ಉರಿದವು. ತೊಟ್ಟಿಯ ಗಾತ್ರ ೧೨ ಘನಮೀಟರು. ಗಾಳಿಯಿಲ್ಲವೆಂದು ಶಾಲೆ ಕತ್ತಲಲ್ಲಿ ಕುಳಿತ ದಿನ ಒಂದೂ ಇಲ್ಲವೆನ್ನುತ್ತಾರೆ.

ಕತ್ತಲಲ್ಲಿ ಕೂರದಿದ್ದರೂ ಚಳಿಯಲ್ಲಿ ಕುಳಿತದ್ದುಂಟೇನೋ. ಜಲಜನಕದೊಳಕ್ಕೆ ಅಲ್ಪಸ್ವಲ್ಪ ಆಮ್ಲಜನಕ ನುಸುಳಿದರೂ ಸಾಕು, ಅದು ಸಿಡಿಯುತ್ತದೆ. ಹಾಗೆ ಸಿಡಿದು ಶಾಲೆಯ ಕಟ್ಟಡಗಳ ಕಿಟಕಿಯ ಗಾಜುಗಳು ಒಂದಲ್ಲ, ಹಲವು ಬಾರಿ ಪುಡಿಯಾದವು. ಲಾ ಕೂರ್ ಪ್ರತಿಸಲವೂ ಹೊಸ ಗಾಜು ಹಾಕಿಸಬೇಕಾಯಿತು. ಮೇರಿಕರ್ಕಿನ ಜನ ಒಂದು ದೀಪವನ್ನೂ ನೋಡದೆ ಸೈತಾನನೆಂದರು. ಇಲ್ಲಿ ಕಿವಿಗಡಚಿಕ್ಕುವ ಸಿಡಿತಗಳಾದರೂ ಯಾರೂ ಗಿರಣಿಯನ್ನು ಕಿತ್ತುಹಾಕೆನ್ನಲಿಲ್ಲ. ಸಿಡಿದದ್ದು ಏಕೆಂಬುದು ಮರುದಿನದ ಪಾಠವಾಗುತ್ತಿದ್ದಿರಬೇಕೆಂದು ನನ್ನ ಊಹೆ. ಉಪಾಧ್ಯಾಯನಾದವನಿಗೆ ಅದಕ್ಕಿಂತ ಒಳ್ಳೆಯ ಅವಕಾಶ ಮತ್ತೆಲ್ಲಿ ಸಿಕ್ಕೀತು?

ಮೂರನೆಯ ಪ್ರಶ್ನೆ ರೆಕ್ಕೆಗಳದು. ಗಾಳಿಯನ್ನು ಹೆಚ್ಚಾಗಿ ಹಿಡಿಯಬೇಕಾದರೆ ರೆಕ್ಕೆಗಳು ಹೆಚ್ಚಿರಬೇಕೆಂದು ಯಾರಿಗಾದರೂ ತೋರುವುದು ಸಹಜ. ೧೮೯೦ರ ದಶಕದ ನಡುವೆ ಲಾ ಕೂರ್ ಫ್ಯಾನಿನಿಂದ ಗಾಳಿಯನ್ನು ಕೊಳವೆಯಲ್ಲಿ ಹಾಯಿಸಿ, ಅದರೆದುರಿಗೆ ಚಿಕ್ಕ ಚಿಕ್ಕ ಮಾದರಿಗಳನ್ನು ಹಿಡಿದು ತೂಕ ಮಾಡಿ ನೋಡಿದರು. ಪ್ರಪಂಚದ ಮೊದಮೊದಲ ಗಾಳಿಸುರಂಗಗಳಲ್ಲಿ ಅವೂ ಸೇರಿವೆ. ಅವರು ಕಂಡದ್ದು ವಿಚಿತ್ರವಾಗಿತ್ತು: ವಿದ್ಯುತ್ತಿಗೆ ಬೇಕಾದದ್ದು ಹಲವು ರೆಕ್ಕೆಗಳಲ್ಲ, ಸ್ವಲ್ಪ ಬಾಗಿದ, ವೇಗವಾಗಿ ಸುತ್ತುವ ಕೆಲವೇ ರೆಕ್ಕೆಗಳು. ಇದರ ಅರ್ಥ ನನ್ನ ಬಾಲ್ಯದ ಯಂತ್ರವನ್ನೂ ಕಪ್ಪತಗುಡ್ಡದ ಯಂತ್ರವನ್ನೂ ಪಕ್ಕಪಕ್ಕಕ್ಕೆ ನೆನೆದರೆ ಸ್ಪಷ್ಟವಾಗುತ್ತದೆ. ಬಾವಿಯ ನೀರಿನ ಭಾರವನ್ನು ಎತ್ತಲು ಬೇಕಾದದ್ದು ಬಲ, ವೇಗವಲ್ಲ. ಆದ್ದರಿಂದ ಅಲ್ಲಿ ಒತ್ತೊತ್ತಾದ ರೆಕ್ಕೆಗಳು. ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ೧೯೬೦ರ ದಶಕದಲ್ಲಿ ನೀರೆತ್ತುವುದಕ್ಕೆಂದು ರೂಪಿಸಿದ ಗಾಳಿಯಂತ್ರಕ್ಕೂ ಹಲವು ರೆಕ್ಕೆಗಳೇ ಇದ್ದವು. ಡೈನಮೋಗೆ ಬೇಕಾದದ್ದು ವೇಗ. ಆದ್ದರಿಂದ ಗುಡ್ಡದ ಮೇಲೆ ಮೂರೇ ರೆಕ್ಕೆ.

೧೯೦೨ರ ಹೊತ್ತಿಗೆ ಬ್ಯಾಟರಿಗಳು ಕೈಗೆ ನಿಲುಕುವಂತಾಗಿದ್ದವು. ಲಾ ಕೂರ್ ಜಲಜನಕವನ್ನು ಬಿಟ್ಟುಕೊಟ್ಟರು. ಏಳು ವರ್ಷ ತಾವೇ ಸಾಕಿ ಬೆಳೆಸಿದ ಉಪಾಯವನ್ನು, ಅದಕ್ಕಿಂತ ಮೇಲಾದದ್ದು ಬಂದೊಡನೆ ತೊರೆಯುವುದು ಎಲ್ಲ ಸಂಶೋಧಕರಿಗೂ ಸಾಧ್ಯವಾಗುವ ಮಾತಲ್ಲ. ಗಿರಣಿ ಈಗ ಬ್ಯಾಟರಿಗಳನ್ನು ತುಂಬತೊಡಗಿತು. ಶಾಲೆಯಷ್ಟೇ ಅಲ್ಲದೆ ಆಸ್ಕೋವ್ ಗ್ರಾಮದ ಮನೆಗಳಿಗೂ ತಂತಿ ಎಳೆಯಲಾಯಿತು. ಗಾಳಿ ಬಹುದಿನ ಬಾರದೆ ಹೋದರೆಂದು ಸಣ್ಣದೊಂದು ಎಣ್ಣೆಯ ಎಂಜಿನ್ನೂ ಜೊತೆಗಿತ್ತು. ಗಾಳಿಯ ಭಕ್ತರಾದರೂ ಅವರು ಅಂಧಭಕ್ತರಾಗಿರಲಿಲ್ಲ. ಗಾಳಿ, ಬ್ಯಾಟರಿ, ಆಪತ್ತಿಗೊಂದು ಎಂಜಿನ್ನು, ಈ ಮೂರರ ಕೂಟವೇ ಮುಂದೆ ಇತರ ಹಳ್ಳಿಗಳಿಗೂ ಮಾದರಿಯಾಯಿತು. ಇಂದಿಗೂ ತಂತಿ ತಲುಪದ ದ್ವೀಪಗಳಲ್ಲಿ ಹೂಡುವ ವ್ಯವಸ್ಥೆ ಹೆಚ್ಚುಕಡಮೆ ಇದೇ. ಸೂರ್ಯನ ಬಿಸಿಲು ಹೊಸದಾಗಿ ಸೇರಿಕೊಂಡಿದೆ, ಅಷ್ಟೆ.

ಇಷ್ಟರಲ್ಲಿಯೇ ಕಥೆ ಮುಗಿದಿದ್ದರೆ ಆಸ್ಕೋವ್ ಒಂದು ಅದೃಷ್ಟಶಾಲಿ ಹಳ್ಳಿಯಾಗಿ ಉಳಿಯುತ್ತಿತ್ತು. ಲಾ ಕೂರರ ನಿಜವಾದ ಹಿರಿಮೆ ಇರುವುದು ಇದರಿಂದಾಚೆಗೆ. ೧೯೦೩ರಲ್ಲಿ ಅವರು ಗಾಳಿವಿದ್ಯುತ್ತಿನ ಒಂದು ಸಂಘವನ್ನು ಸ್ಥಾಪಿಸಿದರು. ಹಳ್ಳಿಗಳಿಗೆ ಯೋಜನೆ ಹಾಕಿಕೊಟ್ಟು ಸಲಹೆ ಹೇಳುವುದು ಅದರ ಕೆಲಸ. ಮರುವರ್ಷ ಆಸ್ಕೋವಿನಲ್ಲಿಯೇ ಗ್ರಾಮೀಣ ವಿದ್ಯುತ್ ಕೆಲಸಗಾರರ ತರಗತಿ ಆರಂಭವಾಯಿತು. ರೈತರ, ಕಮ್ಮಾರರ, ಬಡಗಿಗಳ ಮಕ್ಕಳು ಬಂದರು. ಕೆಲವು ತಿಂಗಳು ಪಾಠ, ಆಮೇಲೆ ಕೈಕೆಲಸದ ಅನುಭವ. ತಂತಿ ಜೋಡಿಸುವುದು, ಡೈನಮೋ ಬಿಚ್ಚಿ ಕಟ್ಟುವುದು, ಬ್ಯಾಟರಿಯ ಆಮ್ಲವನ್ನು ಅಳೆಯುವುದು, ಬಿರುಗಾಳಿಯ ಮುನ್ಸೂಚನೆ ಕಂಡರೆ ರೆಕ್ಕೆಗಳನ್ನು ಕಟ್ಟುವುದು, ಇವೆಲ್ಲ ಹಳ್ಳಿಯಲ್ಲಿ ಒಬ್ಬನಿಗಾದರೂ ಬರಬೇಕೆಂಬುದು ಅದರ ಹಿಂದಿದ್ದ ವಿಚಾರ. ಪರೀಕ್ಷೆಗಳಿಲ್ಲದ ಆ ಶಾಲೆಯಲ್ಲಿ ಈ ವಿದ್ಯೆಗೆ ಮಾತ್ರ ಪರೀಕ್ಷೆಯಿತ್ತೆಂದು ಓದಿದ ನೆನಪು, ಇರಬೇಕಾದದ್ದೇ. ಕಾವ್ಯದಲ್ಲಿ ತಪ್ಪಿದರೆ ರಸಭಂಗ, ವಿದ್ಯುತ್ತಿನಲ್ಲಿ ತಪ್ಪಿದರೆ ಪ್ರಾಣಾಪಾಯ.

"ಬಿಚ್ಚಿ ನೋಡಾವ್ರು ಯಾರದಾರ್ರಿ" ಎಂಬ ಗೌಡರ ಮಾತು ನನಗೆ ಮತ್ತೆ ಮತ್ತೆ ನೆನಪಾಗುವುದು ಇಲ್ಲಿ. ಲಾ ಕೂರರು ಗಿರಣಿಗಳನ್ನು ಮಾರಲಿಲ್ಲ. ಗಿರಣಿಯನ್ನು ಬಿಚ್ಚಿ ನೋಡುವವರನ್ನು ಊರೂರಿಗೆ ಕಳುಹಿಸಿದರು. ೧೯೦೮ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಅವರ ಸಂಘದ ನೆರವಿನಿಂದ ಎದ್ದ ಹಳ್ಳಿಯ ವಿದ್ಯುತ್ ಕೇಂದ್ರಗಳು ೭೨. ಮೊದಲ ಮಹಾಯುದ್ಧದಲ್ಲಿ ಹೊರಗಿನಿಂದ ಎಣ್ಣೆ ಕಲ್ಲಿದ್ದಲು ಬರುವುದು ಕಷ್ಟವಾದಾಗ ಗಾಳಿಯ ಬೆಲೆ ಇನ್ನೂ ಏರಿತು. ೧೯೧೮ರಲ್ಲಿ ಡೆನ್ಮಾರ್ಕಿನ ಸುಮಾರು ೧೨೦ ಸ್ಥಳೀಯ ಕೇಂದ್ರಗಳು ಗಾಳಿಯನ್ನು ಬಳಸುತ್ತಿದ್ದವು. ಒಂದೊಂದರ ಶಕ್ತಿ ೨೦ರಿಂದ ೩೫ ಕಿಲೋವಾಟ್, ಎಲ್ಲ ಸೇರಿ ದೇಶದ ವಿದ್ಯುತ್ತಿನ ನೂರಕ್ಕೆ ಮೂರರಷ್ಟು. ಸಂಖ್ಯೆ ಚಿಕ್ಕದು. ಆದರೆ ಆ ಮೂರು ಪಾಲು ಬೆಳಗಿದ್ದು ಬೇರಾವ ಬೆಳಕೂ ತಲುಪದಿದ್ದ ಮನೆಗಳನ್ನು.

ಅನಂತರ ಇಳಿಗಾಲ ಬಂದಿತು. ಯುದ್ಧ ಮುಗಿದು ಇಂಧನ ಅಗ್ಗವಾಯಿತು. ದೊಡ್ಡ ಕೇಂದ್ರಗಳಿಂದ ದೂರದವರೆಗೆ ಸಾಗುವ ಪರ್ಯಾಯ ಪ್ರವಾಹದ ತಂತಿಗಳು ಹಳ್ಳಿಗಳಿಗೂ ಬಂದವು. ಬ್ಯಾಟರಿಯನ್ನು ನಂಬಿದ್ದ ಏಕಮುಖ ಪ್ರವಾಹದ ಚಿಕ್ಕ ಕೇಂದ್ರಗಳು ಒಂದೊಂದಾಗಿ ಮುಚ್ಚಿದವು. ಇದನ್ನು ಅನ್ಯಾಯವೆಂದು ಶೋಕಿಸುವವರಿದ್ದಾರೆ. ನನಗೆ ಹಾಗೆನ್ನಿಸದು. ತಂತಿಯಲ್ಲಿ ಬಂದ ವಿದ್ಯುತ್ತು ಅಗ್ಗವೂ ನಿಶ್ಚಿತವೂ ಆಗಿದ್ದರೆ ರೈತ ಅದನ್ನು ಕೊಳ್ಳದಿರಲು ಅವನೇನು ಗಾಳಿಯ ಕವಿಯೇ? ಗಿರಣಿಗಳು ನಿಂತವು, ಆದರೆ ಕಲಿತವರು ಉಳಿದರು.

ಹಾಗೆ ಉಳಿದವರಲ್ಲಿ ಒಬ್ಬನ ಕಥೆಯನ್ನು ಹೇಳಲೇಬೇಕು. ೧೯೦೪ರ ಆ ಮೊದಲ ತರಗತಿಗಳ ಕಾಲದಲ್ಲಿ ಆಸ್ಕೋವಿಗೆ ಬಂದ ಹುಡುಗರಲ್ಲಿ ಯೋಹಾನೆಸ್ ಯೂಲ್ ಎಂಬ ೧೭ರ ತರುಣನೊಬ್ಬನಿದ್ದ. ವಿದ್ಯುತ್ ಕೆಲಸಗಾರನಾಗಿ ಬಾಳು ತೊಡಗಿ, ಮುಂದೆ ವಿದ್ಯುತ್ ಸಂಸ್ಥೆಯೊಂದರಲ್ಲಿ ಎಂಜಿನಿಯರನಾದ. ಅರುವತ್ತನ್ನು ಸಮೀಪಿಸಿ, ಉಳಿದವರು ವಿಶ್ರಾಂತಿ ಬಯಸುವ ವಯಸ್ಸಿನಲ್ಲಿ, ಹುಡುಗತನದ ಆ ಪಾಠ ಅವನಿಗೆ ಮತ್ತೆ ನೆನಪಾಯಿತು. ಬ್ಯಾಟರಿಯ ಹಂಗಿಲ್ಲದೆ ನೇರವಾಗಿ ಪರ್ಯಾಯ ಪ್ರವಾಹವನ್ನೇ ಕೊಡುವ ಗಾಳಿಯಂತ್ರವನ್ನು ಏಕೆ ಮಾಡಬಾರದು? ಮಾಡಿದ. ೧೯೫೭ರಲ್ಲಿ ಗೆದ್ಸರ್ ಎಂಬ ಕಡಲಂಚಿನ ಊರಿನಲ್ಲಿ ಯೂಲನ ಯಂತ್ರ ನಿಂತಿತು: ಮೂರು ರೆಕ್ಕೆ, ೨೪ ಮೀಟರು ವ್ಯಾಸ, ೨೦೦ ಕಿಲೋವಾಟ್. ಬಿರುಗಾಳಿಯಲ್ಲಿ ವೇಗ ಮಿತಿಮೀರಿದರೆ ರೆಕ್ಕೆಗಳ ತುದಿಯೇ ಹೊರಳಿ ತಡೆಯಾಗುವಂತೆ ಅವನು ಮಾಡಿದ್ದ ಏರ್ಪಾಡು ಬಲ್ಲವರ ಮೆಚ್ಚುಗೆ ಪಡೆಯಿತು. ಹತ್ತು ವರ್ಷ ಅದು ದುಡಿಯಿತು. ೧೯೭೦ರ ದಶಕದಲ್ಲಿ ಎಣ್ಣೆಯ ಬೆಲೆ ಗಗನಕ್ಕೇರಿ, ಪ್ರಪಂಚವೆಲ್ಲ ಮತ್ತೆ ಗಾಳಿಯ ಕಡೆಗೆ ಮುಖ ಮಾಡಿದಾಗ, ಅಮೆರಿಕದ ವಿಜ್ಞಾನಿಗಳು ನಿಂತುಹೋಗಿದ್ದ ಆ ಯಂತ್ರವನ್ನು ದುರಸ್ತಿ ಮಾಡಿಸಿ ತಿರುಗಿಸಿ ಅಳೆದು ನೋಡಿದರು. ಕಪ್ಪತಗುಡ್ಡದ ಯಂತ್ರಗಳ ವಂಶವೃಕ್ಷವನ್ನು ಹಿಂದಕ್ಕೆ ಹಿಡಿದು ಹೋದರೆ ಗೆದ್ಸರಿನ ಆ ಮೂರು ರೆಕ್ಕೆಗಳ ಬಳಿಗೆ ಬರುತ್ತೇವೆ. ಅಲ್ಲಿಂದ ಹಿಂದಕ್ಕೆ ಆಸ್ಕೋವಿನ ತ���ಗತಿಯ ಬೆಂಚಿಗೆ.

ಮೇರಿಕರ್ಕ್ ಇರುವ ಸ್ಕಾಟ್ಲೆಂಡಿನಲ್ಲಿಯೇ, ಪಶ್ಚಿಮ ಕಡಲಿನ ಐಗ್ ಎಂಬ ಕಿರುದ್ವೀಪದ ಜನ ಈ ಪಾಠವನ್ನು ತಮ್ಮದೇ ರೀತಿಯಲ್ಲಿ ಕಲಿತಿದ್ದಾರೆ. ನೂರರ ಆಸುಪಾಸಿನ ಜನಸಂಖ್ಯೆ. ೧೯೯೭ರಲ್ಲಿ ದ್ವೀಪವನ್ನು ಜಮೀನುದಾರನಿಂದ ತಾವೇ ಕೊಂಡುಕೊಂಡವರು. ೨೦೦೮ರ ಫೆಬ್ರವರಿಯಲ್ಲಿ ಅವರ ಸ್ವಂತ ವಿದ್ಯುತ್ ಜಾಲ ಆರಂಭವಾಯಿತು. ತೊರೆಯ ನೀರು, ಬಿಸಿಲು, ಅವುಗಳ ಜೊತೆಗೆ ೬ ಕಿಲೋವಾಟಿನ ನಾಲ್ಕು ಪುಟ್ಟ ಗಾಳಿಯಂತ್ರಗಳು. ಒಂದು ಮನೆ ಒಂದು ಸಲಕ್ಕೆ ೫ ಕಿಲೋವಾಟಿಗಿಂತ ಹೆಚ್ಚು ಎಳೆಯಕೂಡದೆಂದು ಅವರೇ ನಿಯಮ ಮಾಡಿಕೊಂಡರು. ಯಂತ್ರಗಳನ್ನು ನೋಡಿಕೊಳ್ಳುವವರೂ ದ್ವೀಪದವರೇ, ಅದಕ್ಕೆಂದು ತರಬೇತಿ ಪಡೆದವರು. ಕಡಲು ಕೆರಳಿದರೆ ದಿನಗಟ್ಟಲೆ ದೋಣಿ ಬಾರದ ಊರಿನಲ್ಲಿ ಹೊರಗಿನ ಮೇಸ್ತ್ರಿಯನ್ನು ಕಾಯುವುದಾಗಲಿ ಕತ್ತಲಲ್ಲಿ ಕೂರುವುದಾಗಲಿ ಎರಡೂ ಒಂದೇ.

ಆದರೆ ಶಾಲೆಯೂ ಇಲ್ಲದೆ, ಸಂಘವೂ ಇಲ್ಲದೆ, ಹಣದ ಮಾತಂತೂ ದೂರವಿರುವ ಊರಿನಲ್ಲಿ ಏನು ಮಾಡುವುದು? ಆಫ್ರಿಕಾ ಖಂಡದ ಮಲಾವಿ ದೇಶದಲ್ಲಿ, ಕಸುಂಗು ಜಿಲ್ಲೆಯ ವಿಂಬೆ ಎಂಬಲ್ಲಿಗೆ ಸಮೀಪದ ಒಂದು ಹಳ್ಳಿಯಲ್ಲಿ ವಿಲಿಯಂ ಕಂಕ್ವಾಂಬ ಎಂಬ ಹುಡುಗ ಇದಕ್ಕೆ ಉತ್ತರ ಹುಡುಕಿದ. ೨೦೦೧-೦೨ರಲ್ಲಿ ಆ ನಾಡಿಗೆ ಘೋರವಾದ ಕ್ಷಾಮ ಬಂದಿತು. ಮೆಕ್ಕೆಜೋಳದ ಬೆಳೆ ಹೋಯಿತು. ಮನೆಯವರು ದಿನಕ್ಕೊಂದು ಹೊತ್ತು, ಅದೂ ಕೆಲವೇ ತುತ್ತು, ಉಂಡು ದಿನ ದೂಡಿದರು. ಶುಲ್ಕ ಕಟ್ಟಲಾರದೆ ೧೪ರ ಆ ಹುಡುಗ ಹೈಸ್ಕೂಲಿನ ಮೆಟ್ಟಿಲಿಳಿದ. ಮನೆಯಲ್ಲಿ ಕೂರಲಾರದೆ ವಿಂಬೆಯ ಪ್ರಾಥಮಿಕ ಶಾಲೆಯ ಚಿಕ್ಕ ಪುಸ್ತಕ ಭಂಡಾರಕ್ಕೆ ಹೋಗತೊಡಗಿದ. ಅಲ್ಲಿ ಅವನ ಕಣ್ಣಿಗೆ ಬಿದ್ದದ್ದು ಶಕ್ತಿಯ ಉಪಯೋಗವನ್ನು ಕುರಿತ ಅಮೆರಿಕದ ಪಠ್ಯಪುಸ್ತಕವೊಂದು. ರಕ್ಷಾಪುಟದ ಮೇಲೆ ಗಾಳಿಯಂತ್ರಗಳ ಸಾಲು. ಇಂಗ್ಲಿಷು ಅಷ್ಟಾಗಿ ಬಾರದು. ಚಿತ್ರ ನೋಡುವುದು, ಚಿತ್ರದ ಕೆಳಗಿನ ಶಬ್ದಕ್ಕೆ ಅರ್ಥ ಹುಡುಕುವುದು, ಹೀಗೆ ಓದಿದ. ಚಿತ್ರದಲ್ಲಿ ಇದೆಯೆಂದ ಮೇಲೆ ಯಾರೋ ಮನುಷ್ಯರೇ ಅದನ್ನು ಕಟ್ಟಿರಬೇಕು ಎಂಬಷ್ಟೇ ಅವನ ತರ್ಕ.

ಗುಜರಿಯಲ್ಲಿ ಟ್ರಾಕ್ಟರಿನ ಫ್ಯಾನ್ ಸಿಕ್ಕಿತು. ಪ್ಲಾಸ್ಟಿಕ್ ಕೊಳವೆಯನ್ನು ಸೀಳಿ, ಬೆಂಕಿಯಲ್ಲಿ ಕಾಸಿ, ಚಪ್ಪಟೆ ಮಾಡಿದರೆ ರೆಕ್ಕೆಯಾಯಿತು. ತಂದೆಯ ಮುರುಕು ಸೈಕಲ್ಲು ಚೌಕಟ್ಟಾಯಿತು. ಡೈನಮೋ ಸೈಕಲ್ಲಿನ ದೀಪದ್ದು. ನೀಲಗಿರಿ ಮರದ ಕಂಬಗಳಿಂದ ಗೋಪುರ. ಜೊತೆಗೆ ನಿಂತವರು ಇಬ್ಬರು ಗೆಳೆಯರು. ಉಳಿದವರಿಗೆ ಅವನು ಹುಚ್ಚ, ಗಾಂಜಾ ಸೇದುವವನು. ಗಾಳಿ ಬೀಸಿ ಚಿಕ್ಕದೊಂದು ಬಲ್ಬು ಮೊದಲು ಮಿಣುಕಿ ಆಮೇಲೆ ಬೆಳಗಿದಾಗ ಗೋಪುರದ ಕೆಳಗೆ ನೆರೆದಿದ್ದವರು ನಗುವುದನ್ನು ನಿಲ್ಲಿಸಿದರಂತೆ.

ಮುಂದಿನದು ಪ್ರಪಂಚಕ್ಕೆ ತಿಳಿದಿದೆ: ಪತ್ರಿಕೆಗಳು ಬರೆದವು, ೨೦೦೭ರಲ್ಲಿ ಅರೂಷಾ ನಗರದ ಸಭೆಯೊಂದಕ್ಕೆ ಕರೆಬಂದಿತು, ೨೦೦೯ರಲ್ಲಿ ಪುಸ್ತಕ, ೨೦೧೯ರಲ್ಲಿ ಚಲನಚಿತ್ರ. ಬಿಟ್ಟುಹೋದ ಓದು ಮತ್ತೆ ಕೂಡಿಕೊಂಡು ೨೦೧೪ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಿಂದ ಪದವಿಯೂ ಬಂದಿತು. ಈ ಕೀರ್ತಿಯ ಭಾಗ ನನ್ನನ್ನು ಅಷ್ಟಾಗಿ ಹಿಡಿದು ನಿಲ್ಲಿಸುವುದಿಲ್ಲ. ಕ್ಷಾಮ ಅಷ್ಟು ಬಡವರ ಮನೆಯನ್ನೇ ಏಕೆ ಹುಡುಕಿಕೊಂಡು ಬಂದಿತು, ಶುಲ್ಕವಿಲ್ಲದವನಿಗೆ ಶಾಲೆಯ ಬಾಗಿಲು ಏಕೆ ಮುಚ್ಚಿತು ಎಂಬ ಪ್ರಶ್ನೆಗಳನ್ನು ಒಬ್ಬ ಹುಡುಗನ ಸಾಹಸದ ಹೊಗಳಿಕೆಯಲ್ಲಿ ಮರೆಯುವುದು ಸುಲಭ. ಅವನಂತೆಯೇ ಶಾಲೆ ಬಿಟ್ಟು, ಪುಸ್ತಕ ಭಂಡಾರವೂ ಇಲ್ಲದ ಊರುಗಳಲ್ಲಿ ಉಳಿದವರ ಲೆಕ್ಕ ಯಾವ ಚಲನಚಿತ್ರದಲ್ಲಿಯೂ ಬರುವುದಿಲ್ಲ.

ನನ್ನನ್ನು ಹಿಡಿದು ನಿಲ್ಲಿಸುವುದು ದೀಪ ಹತ್ತಿದ ಮರುದಿನದಿಂದ ಆರಂಭವಾದ ಅವನ ದಿನಚರಿ. ಮನೆಯ ತೊಲೆಗಳಲ್ಲಿ ಗೆದ್ದಲು. ಬಿರುಗಾಳಿಗೆ ಸೂರು ಅಲುಗಿ ತಂತಿಗೆ ತಂತಿ ತಾಗಿತು. ಬೆಂಕಿಯಾಗುವುದೊಂದು ಬಾಕಿ. ಅವನು ಮತ್ತೆ ಪುಸ್ತಕ ಬಿಚ್ಚಿ, ಮೊಳೆಗೆ ತಂತಿ ಸುತ್ತಿ ಅಯಸ್ಕಾಂತವಿಟ್ಟು, ಅಪಾಯವಾದಾಗ ತಾನಾಗಿಯೇ ಪ್ರವಾಹ ಕಡಿಯುವ ಸಾಧನವೊಂದನ್ನು ಮಾಡಿದ. ಹಳೆಯ ರಬ್ಬರು ಚಪ್ಪಲಿಯನ್ನು ಕೊಯ್ದು ದೀಪದ ಗುಂಡಿಗಳನ್ನು ಮಾಡಿದ. ನೆರೆಹೊರೆಯವರು ಮೊಬೈಲು ಫೋನುಗಳನ್ನು ಹಿಡಿದು ಬಾಗಿಲಲ್ಲಿ ಸಾಲುಗಟ್ಟಿದರು. ಗಾಳಿ ಜೋರಾದ ದಿನ ಸೈಕಲ್ಲಿನ ಸರಪಳಿ ಕಳಚಿಬೀಳುತ್ತಿತ್ತು. ಆಗೆಲ್ಲ ಅವನು ಕೈಗೆ ಸಿಕ್ಕ ಸಾಮಾನು ಹಿಡಿದು ಆ ನೀಲಗಿರಿ ಕಂಬಗಳ ಗೋಪುರವನ್ನು ಹತ್ತಿ, ರೆಕ್ಕೆಯನ್ನು ತಡೆದು ನಿಲ್ಲಿಸಿ, ಸರಪಳಿಯನ್ನು ಮತ್ತೆ ಹಲ್ಲಿಗೆ ಕೂಡಿಸಿ ಕೆಳಗಿಳಿಯುತ್ತಿದ್ದ.